ಮನೆಯ ಬೀಜ ಯಾವ ಬೆಳೆಗೆ ಸಲ್ಲುತ್ತದೆ?



ಬಿತ್ತನೆ ಸಮೀಪಿಸಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಮನೆಮನೆಗೂ ಒಂದು ಪ್ರಶ್ನೆ ಏಳುತ್ತದೆ. ಹೋದ ವರ್ಷದ ಕಾಳನ್ನೇ ಬಿತ್ತಬಹುದೆ, ಇಲ್ಲವೆ ದುಡ್ಡು ಕೊಟ್ಟು ಹೊಸ ಬೀಜ ತರಬೇಕೆ? ಇದಕ್ಕೆ ಉತ್ತರ ಆಯಾ ಬೆಳೆಯ ಹೂವಿನಲ್ಲಿದೆ.

ಕಡಲೆ ಹೂ ಬಿಡುವ ಕಾಲಕ್ಕೆ ಇನ್ನೂ ಅರಳದ ದೊಡ್ಡ ಮೊಗ್ಗೊಂದನ್ನು ಉಗುರಿನಿಂದ ಬಿಡಿಸಿ ನೋಡಿರಿ. ಒಳಗಿನ ಹಳದಿ ಪುಡಿ ಆಗಲೇ ಉದುರಿ, ಅದೇ ಹೂವಿನ ಹೆಣ್ಣುಭಾಗಕ್ಕೆ ಅಂಟಿರುತ್ತದೆ. ಈ ಪುಡಿಯೇ ಪರಾಗ. ಜೇನು ಬಂದು ಕೂಡುವಷ್ಟರಲ್ಲಿ ಮದುವೆ ಮುಗಿದಿರುತ್ತದೆ! ಇದಕ್ಕೆ ಸ್ವಕೀಯ ಪರಾಗಸ್ಪರ್ಶವೆನ್ನುತ್ತಾರೆ. ಗೋದಿ, ಶೇಂಗಾ, ಹೆಸರು ಇದೇ ಗುಂಪಿನವು. ಗಾಳಿಯನ್ನಾಗಲಿ ಹುಳವನ್ನಾಗಲಿ ನಂಬದ ಇಂಥ ಗಿಡ ಒಂಟಿಯಾಗಿ ನಿಂತರೂ ಕಾಳು ಕಟ್ಟುತ್ತದೆ.

ಇದರಿಂದ ಆಗುವುದೇನು? ಬೆರಕೆಯ ಒಂದು ಗಿಡ ತನ್ನ ಪರಾಗದಿಂದಲೇ ಕಾಳು ಕಟ್ಟಿದರೆ ಪ್ರತಿ ತಲೆಮಾರಿಗೆ ಬೆರಕೆ ಅರ್ಧ ಇಳಿಯುತ್ತದೆ: ನೂರಿದ್ದದ್ದು ಐವತ್ತು, ಆಮೇಲೆ ಇಪ್ಪತ್ತೈದು. ಆರು ತಲೆಮಾರು ಕಳೆದರೆ ನೂರಕ್ಕೆ ಒಂದೂವರೆಯಷ್ಟು ಮಾತ್ರ ಉಳಿದೀತು. ಆಗ ಮಗಳು ತಾಯಿಯ ಪಡಿಯಚ್ಚು.

ನಮ್ಮ ಮಾಲದಂಡಿ ಜೋಳವನ್ನೇ ನೋಡಿರಿ. ಎಂ-35-1 ಎಂಬ ತಳಿಯನ್ನು 1930ರ ದಶಕದಲ್ಲಿ, ಇಂಡಿಯ ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, ನಾಡಮಾಲದಂಡಿಯಿಂದಲೇ ಆರಿಸಿ ತೆಗೆದರು. ಇಂದಿಗೂ ಎರೆಹೊಲದ ಹಿಂಗಾರಿಯಲ್ಲಿ ಅದು ನಿಂತಿದೆ. ಜೋಳ ಬಹುಮಟ್ಟಿಗೆ ತನ್ನ ಪರಾಗವನ್ನೇ ಹಿಡಿಯುವುದು ಇದಕ್ಕೆ ದೊಡ್ಡ ಕಾರಣ. ಆದರೂ ನೂರರಲ್ಲಿ ಐದರಿಂದ ಹದಿನೈದು ಕಾಳು ನೆರೆಯ ಪರಾಗದಿಂದ ಆಗಬಹುದು. ಆದಕಾರಣ ಬೀಜದ ತೆನೆಯನ್ನು ಬದುವಿನ ಮಗ್ಗುಲಲ್ಲಿ ಆರಿಸದೆ, ಹೊಲದ ನಡುವೆ, ಬೆಳೆ ನಿಂತಿರುವಾಗಲೇ ಆರಿಸಿ ಗುರುತು ಕಟ್ಟಿರಿ. ರಾಶಿಯಾದ ಮೇಲೆ ಕಣದಲ್ಲಿ ಕಾಳು ಆರಿಸಿದರೆ ತೆನೆಯ ಗುಣ ಕಾಣಿಸದು.

ಒಂದೇ ರಕ್ತದಲ್ಲಿ ಕೂಡಿದರೆ ಸಂತಾನ ಕುಗ್ಗುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಹನ್ನೊಂದು ವರ್ಷ ಗಿಡ ಬೆಳೆಸಿ, 1876ರ ತನ್ನ ಗ್ರಂಥದಲ್ಲಿ ಅದನ್ನೇ ತೋರಿಸಿದನು. ಗೋವಿನಜೋಳ ಈಗಲೂ ಹಾಗೆಯೇ ಕುಗ್ಗುತ್ತದೆ. ಕಡಲೆ, ಗೋದಿಗಳಲ್ಲಿ ಮಾತ್ರ ಸಾವಿರಾರು ತಲೆಮಾರುಗಳಿಂದ ದುರ್ಬಲ ಸಸಿಗಳು ಸತ್ತು, ಕೆಟ್ಟ ಗುಣಗಳಲ್ಲಿ ಬಹುಪಾಲು ಸೋಸಿಹೋಗಿವೆ. ಅವು ಬೇರೊಂದು ಬೆಲೆ ತೆರುತ್ತವೆ: ಎಲ್ಲ ಗಿಡ ಒಂದೇ ತೆರನಾದ್ದರಿಂದ, ಒಂದಕ್ಕೆ ತಾಳಲಾಗದ ರೋಗ ಹೊಲಕ್ಕೆಲ್ಲ ತಾಳಲಾಗದು.

ಇನ್ನು ತೊಗರಿ. ಬಹಳ ಮಂದಿ ಮೋಸಹೋಗುವುದು ಇಲ್ಲಿಯೇ. ಹೂವಿನ ರೂಪ ಕಡಲೆಯಂತೆಯೇ ಇದ್ದರೂ ಜೇನು, ದುಂಬಿಗಳು ಇದರ ಪರಾಗವನ್ನು ಹೊಲದಿಂದ ಹೊಲಕ್ಕೆ ಹೊತ್ತೊಯ್ಯುತ್ತವೆ. ಸಿಡಿರೋಗ ತಾಳುವ ತಳಿಯನ್ನು ನೀವು ತಂದು ಬಿತ್ತಿದ್ದೀರಿ. ಬದುವಿನಾಚೆ ನೆರೆಯವರ ಹಳೆಯ ತೊಗರಿ ಇದೆ. ಎರಡು ಮೂರು ವರ್ಷ ಅದೇ ಬೀಜ ಹಾಕಿದರೆ ರೋಗ ತಾಳುವ ಗುಣ ಸಡಿಲುತ್ತದೆ. ಆಗ ತಳಿಯನ್ನು ಬೈದು ಫಲವಿಲ್ಲ. ಕಡಲೆ ಬೀಜದ ತಾಕಿಗೆ ಬೇರೆ ತಳಿಯಿಂದ 5-10 ಮೀಟರು ಅಂತರ ಸಾಕು. ತೊಗರಿಗೆ ನೂರು ಮೀಟರಿಗೂ ಮಿಕ್ಕಿ ಬೇಕು. ಅಷ್ಟು ಜಾಗ ಒಬ್ಬರಲ್ಲಿರದಿದ್ದರೆ ಅಕ್ಕಪಕ್ಕದ ನಾಲ್ಕು ಹೊಲದವರು ಮಾತಾಡಿಕೊಂಡು ಒಂದೇ ತಳಿ ಬಿತ್ತಿರಿ, ನಡುವಿನ ಹೊಲದಲ್ಲಿ ಬೀಜ ಹಿಡಿಯಿರಿ.

ಹೈಬ್ರಿಡ್ ಹತ್ತಿ, ಸೂರ್ಯಕಾಂತಿ, ಗೋವಿನಜೋಳದ ಕಾಳನ್ನು ಮಾತ್ರ ಬೀಜಕ್ಕೆ ಇಡಕೂಡದು. ಮರುವರ್ಷವೇ ಗುಣ ಒಡೆಯುತ್ತದೆ.

ಕಡಲೆಯ ಬೀಜವನ್ನು ನಾಲ್ಕು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಆದರೆ ಸಿಡಿದ ಗಿಡಗಳಿರುವ ಜಾಗದಿಂದ ಒಂದು ಕಾಳನ್ನೂ ಬೀಜಕ್ಕೆ ತೆಗೆಯಬೇಡಿರಿ. ರೋಗ ಬೀಜದೊಡನೆಯೂ ಬರುತ್ತದೆ. ಬಿತ್ತುವ ವಾರದ ಮೊದಲು ನೂರು ಕಾಳನ್ನು ಎಣಿಸಿ, ಹಸಿ ಗೋಣಿಚೀಲದಲ್ಲಿ ಸುತ್ತಿಟ್ಟು, ಮೊಳೆತವನ್ನು ಎಣಿಸಿ ನೋಡಿರಿ. ಎಂಬತ್ತೈದಕ್ಕಿಂತ ಕಡಿಮೆಯಾದರೆ ಬೀಜದ ಪ್ರಮಾಣ ಹೆಚ್ಚಿಸಿರಿ, ಇಲ್ಲವೆ ಬೇರೆ ಬೀಜ ಹುಡುಕಿರಿ.