ಥಂಬ್ ಕೊಟ್ಟ ಮೇಲೆ

ಆದಿತ್ಯನಗರ, ಮಳಖೇಡದ ಕಡೆಯವರು ಹೊಲ ಮಾರಿದರೂ ಮಕ್ಕಳಿಗೆ ಹಿಸ್ಸೆ ಮಾಡಿಕೊಟ್ಟರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಥಂಬ್ ಕೊಡಲೇಬೇಕು. 2023ರಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ವಂಚಕರು ಹಿಡಿದದ್ದು ಇದೇ ದಾರಿ. ನೋಂದಣಿ ಪತ್ರಗಳಿಂದ ಬೆರಳಚ್ಚು, ಆಧಾರ್ ಸಂಖ್ಯೆ ಎತ್ತಿಕೊಂಡು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಯ ಹಣ ತೆಗೆದರು. ಅದಕ್ಕೆ ಕಾರ್ಡೂ ಬೇಡ, ಒಟಿಪಿಯೂ ಬೇಡ. ಹಾಗಾಗಿ ‘ನಾ ಯಾರಿಗೂ ಒಟಿಪಿ ಹೇಳಿಲ್ರೀ’ ಎನ್ನುವ ಗ್ರಾಹಕನ ಮಾತನ್ನು ಬ್ಯಾಂಕಿನವರು ನಂಬಬೇಕು.

ನಂಬದಿದ್ದರೂ ಕಾನೂನು ನಿಮ್ಮ ಕಡೆಗಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ಗ್ರಾಹಕನದಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಯವರು 5,000 ರೂಪಾಯಿ ಹೊರಬೇಕಾಗಬಹುದು. ತಪ್ಪು ಗ್ರಾಹಕನದೇ ಎಂದು ತೋರಿಸುವ ಹೊಣೆ ಬ್ಯಾಂಕಿನದು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಶಾಖೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ತಾರೀಖು ಇರುವುದಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ.

ಹಣ ಹೋಗುವ ಮುಂಚೆಯೇ ಬೀಗ ಹಾಕುವುದು ಇನ್ನೂ ಒಳ್ಳೆಯದು. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಬಹುದು. ಅದಕ್ಕೆ ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆಯಾಗಿರಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತರುವ ದಿನ ಸ್ವಲ್ಪ ಹೊತ್ತು ಲಾಕ್ ತೆಗೆಯಿರಿ. ಇದು ಕಿರಿಕಿರಿಯೇ ಸರಿ, ಹಿರಿಯರಿಗಂತೂ ಮನೆಯ ಹುಡುಗರೇ ಮಾಡಿಕೊಡಬೇಕು. ವಾಡಿ, ಶಹಾಬಾದಿನಲ್ಲಿ ಬಾಡಿಗೆ ಮನೆಗೆ ಜೆರಾಕ್ಸ್ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ನಮ್ಮ ಮಾಹಿತಿಯನ್ನು ಹೀಗೆ ಕಾಪಾಡಿಕೊಳ್ಳುವ ಹಕ್ಕಿನ ಬೇರು ನಮ್ಮ ರಾಜ್ಯದಲ್ಲೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದೇ ಕೋರ್ಟಿನ 2018ರ ಆಧಾರ್ ತೀರ್ಪಿನ ನಂತರ ಸಿಮ್‌ಗೆ, ಶಾಲೆಯ ಪ್ರವೇಶಕ್ಕೆ ಆಧಾರೇ ಬೇಕೆಂದು ಹಟ ಹಿಡಿಯುವಂತಿಲ್ಲ. ಮಾಹಿತಿ ನೋಡುವ, ತಿದ್ದಿಸುವ, ಅಳಿಸುವ ಹಕ್ಕುಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿವೆ. ಅವು ಪೂರ್ತಿ ಜಾರಿಯಾಗುವುದು 2027ರ ಮೇ ವೇಳೆಗೆ. ಆದರೆ ಇನ್ನೊಬ್ಬರ ಬೆರಳಚ್ಚನ್ನು ಮೋಸದಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಈಗಲೇ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಠಾಣೆಯಲ್ಲಿ ದೂರು ಬರೆಯಿಸುವಾಗ ಈ ಕಲಂ ಹೆಸರಿಸಿ.