ಹೊಸ ಗೇಮ್‌ಗೆ ಅವಸರ ಬೇಡ

ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಬಗ್‌ಗಳು ಹೆಚ್ಚಿರಲು ತಯಾರಕರ ಉದಾಸೀನವೊಂದೇ ಕಾರಣವಲ್ಲ. ಎತ್ತ ಹೋಗಬೇಕು, ಯಾವ ಕೆಲಸ ಮೊದಲು ಮುಗಿಸಬೇಕು, ಯಾರನ್ನು ಕೊಲ್ಲಬೇಕು ಎಂಬುದೆಲ್ಲ ಆಟಗಾರನಿಗೇ ಬಿಟ್ಟದ್ದು. ಈ ಆಯ್ಕೆಗಳು ಒಂದಕ್ಕೊಂದು ಹೆಣೆದುಕೊಂಡಾಗ ಹುಟ್ಟುವ ಸನ್ನಿವೇಶಗಳನ್ನೆಲ್ಲ ಯಾವ ಪರೀಕ್ಷಕರ ತಂಡವೂ ಆಡಿ ಮುಗಿಸಲಾರದು. ಕೆಲವು ದೋಷಗಳಂತೂ ತಡವಾಗಿಯೇ ತಲೆ ಎತ್ತುತ್ತವೆ. 2011ರ ಸ್ಕೈರಿಮ್‌ನ ಪ್ಲೇಸ್ಟೇಷನ್ 3 ಆವೃತ್ತಿ, ಹತ್ತಾರು ಗಂಟೆ ಆಡಿ ಸೇವ್ ಫೈಲ್ ಹಿಗ್ಗಿದ ಮೇಲೆ ಕುಂಟತೊಡಗುತ್ತಿತ್ತು.

ಆದರೆ ಸೈಬರ್‌ಪಂಕ್ 2077ರ ಕಥೆಗೆ ಇಷ್ಟು ರಿಯಾಯಿತಿ ಸಲ್ಲದು. 2020ರ ಡಿಸೆಂಬರ್ 10ರಂದು ಬಂದ ಈ ಆಟ ಹಳೆಯ ಕನ್ಸೋಲ್‌ಗಳಲ್ಲಿ ತೀರಾ ಹದಗೆಟ್ಟಿತ್ತು. ಬಿಡುಗಡೆಗೆ ಮೊದಲು ವಿಮರ್ಶಕರ ಕೈಸೇರಿದ್ದು ಪಿಸಿ ಆವೃತ್ತಿ ಮಾತ್ರ. ಹಳೆಯ ಕನ್ಸೋಲ್‌ಗಳಲ್ಲಿ ಆಟ ಹೇಗಿದೆಯೆಂದು ಮೊದಲೇ ತೋರಿಸದಿದ್ದಕ್ಕೆ ಪೋಲೆಂಡ್‌ನ ತಯಾರಕ ಸಂಸ್ಥೆ ಸಿಡಿ ಪ್ರಾಜೆಕ್ಟ್ ರೆಡ್ ಕ್ಷಮೆ ಕೇಳಿತು. ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಅದು ಮರಳಿ ಬಂದದ್ದು 2021ರ ಜೂನ್‌ನಲ್ಲಿ.

ಹಾಗಾಗಿ ಮುಂಗಡ ಬುಕಿಂಗ್‌ನ ಆಮಿಷಕ್ಕಿಂತ ಕೆಲವು ವಾರಗಳ ತಾಳ್ಮೆ ಲಾಭದಾಯಕ. ವಿಮರ್ಶೆ ಓದುವಾಗ ಅದು ತಮ್ಮಲ್ಲಿರುವ ಯಂತ್ರದ ಆವೃತ್ತಿಯದೇ ಎಂದು ಖಚಿತಪಡಿಸಿಕೊಳ್ಳಬೇಕು. ಆಡುವಾಗ ಒಂದೇ ಸೇವ್ ನೆಚ್ಚಿಕೊಳ್ಳದೆ, ಮುಖ್ಯ ಘಟ್ಟಗಳಲ್ಲಿ ಬೇರೆ ಬೇರೆ ಸೇವ್‌ಗಳನ್ನು ಇಟ್ಟುಕೊಳ್ಳುವುದು ಕ್ಷೇಮ. ಸ್ಟೀಮ್‌ನಲ್ಲಿ ಕೊಂಡ ಆಟ ಹಿಡಿಸದಿದ್ದರೆ ಸಾಮಾನ್ಯವಾಗಿ 14 ದಿನಗಳೊಳಗೆ ಹಣ ವಾಪಸ್ ಕೇಳಬಹುದು; ಆಡಿದ ಅವಧಿ ಮಾತ್ರ 2 ಗಂಟೆ ದಾಟಿರಬಾರದು.