ಹದಿನೆಂಟು ಬಣ್ಣ, ನಾಲ್ಕರ ಲೆಕ್ಕ

ಐಶ್ಯಾಡೋ ಪ್ಯಾಲೆಟ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ನಿಂತು ಮಾಡುವ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ. ಪೆಟ್ಟಿಗೆಯಲ್ಲಿ 18 ಬಣ್ಣ, ಬೆಲೆ 1,500 ರೂಪಾಯಿ, ಅಂದರೆ ಬಣ್ಣವೊಂದಕ್ಕೆ 83 ರೂಪಾಯಿ. ಪಕ್ಕದಲ್ಲೇ ಬಿಡಿ ಬಣ್ಣದ ಬಿಲ್ಲೆಗೆ 250 ರೂಪಾಯಿ ಬರೆದಿರುತ್ತದೆ. ಪೆಟ್ಟಿಗೆಯೇ ಅಗ್ಗ ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ಭಾಗಾಕಾರದಲ್ಲಿ ತಪ್ಪಿಲ್ಲ, ಭಾಗಿಸುವ ಸಂಖ್ಯೆಯಲ್ಲಿ ತಪ್ಪಿದೆ. ಹದಿನೆಂಟರಲ್ಲಿ ಕಣ್ಣಿಗೆ ಹಚ್ಚುವುದು ನಾಲ್ಕನ್ನು ಮಾತ್ರ ಎಂದಾದರೆ ಒಂದೊಂದಕ್ಕೂ 375 ರೂಪಾಯಿ ಬಿತ್ತು. ಆ ನಾಲ್ಕನ್ನೇ ಬಿಡಿಯಾಗಿ ತಂದಿದ್ದರೆ ಒಟ್ಟು ಖರ್ಚು 1,000 ರೂಪಾಯಿ.

ನಾಲ್ಕು ಎಂಬ ಸಂಖ್ಯೆ ನನ್ನ ಊಹೆಯಲ್ಲ. ಅದು ಸಿಕ್ಕಿದ ಬಗೆಯನ್ನು ಹೇಳುತ್ತೇನೆ.

ನಲವತ್ತರ ಹೊಸ್ತಿಲಲ್ಲಿದ್ದಾಗ ನಾನು ಮೇಕಪ್ ಕಲಿಯಲು ಕೂತೆ. ಅಲ್ಲಿಯವರೆಗೆ ಕಾಡಿಗೆ, ಬಿಂದಿ, ಸ್ವಲ್ಪ ಪೌಡರ್ ಇಷ್ಟೇ ಗೊತ್ತಿತ್ತು. ಅಣ್ಣನ ದೊಡ್ಡ ಮಗಳ ಮದುವೆ ನಿಶ್ಚಯವಾಗಿ, ಮನೆಯ ಹೆಂಗಸರೆಲ್ಲ ಪಾರ್ಲರ್‌ನಲ್ಲಿ ಹೆಸರು ಬರೆಸುತ್ತಿದ್ದರು. ಒಂದು ಸಲದ ಅಲಂಕಾರಕ್ಕೆ 3,500 ರೂಪಾಯಿ. ಮೆಹೆಂದಿ, ಧಾರೆ, ಆರತಕ್ಷತೆ ಮೂರೂ ಸೇರಿದರೆ 10,500. ಮದುಮಗಳಿಗೆ ಅದು ಬೇಕು. ಹೂವು, ಬಿಸಿಲಿನ ನಡುವೆ ಗಂಟೆಗಟ್ಟಲೆ ಕೂತು ಫೋಟೋ ತೆಗೆಸಿಕೊಳ್ಳುವ ಮುಖಕ್ಕೆ ಪಳಗಿದ ಕೈಯ ಕೆಲಸ ಬೇಕು, ಆ ಕೈಗೆ ಕೊಡುವ ಹಣ ನ್ಯಾಯವಾದದ್ದು. ಆದರೆ ಬಡಿಸುವ, ಬಂದವರನ್ನು ಮಾತಾಡಿಸುವ ನನ್ನಂಥ ಅತ್ತೆಗೆ ಅಷ್ಟು ಹಣದಲ್ಲಿ ಕೈಯೇ ಕಲಿತುಬಿಡುವುದು ಒಳ್ಳೆಯದು ಅನ್ನಿಸಿತು. ಕಲಿತದ್ದು ಮುಂದಿನ ಎಲ್ಲ ಮದುವೆಗಳಿಗೂ ಬರುತ್ತದೆ.

ಆಗ ನಾನು ಹಾಕಿಕೊಂಡ ನಿಯಮ ಒಂದೇ. ಏನು ಬೇಕು ಎಂದು ಗೊತ್ತಾಗುವವರೆಗೆ ಕಣ್ಣಿನ ಬಣ್ಣಕ್ಕೆ ದುಡ್ಡು ಕೊಡುವುದಿಲ್ಲ. ತಂಗಿಗೆ ಯಾರೋ ಉಡುಗೊರೆ ಕೊಟ್ಟ 18 ಬಣ್ಣದ ಪ್ಯಾಲೆಟ್ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಕೊರಿಯರ್‌ನಲ್ಲಿ ಬರುವಾಗಲೇ ಎರಡು ಬಿಲ್ಲೆ ಒಡೆದು ಪುಡಿಯಾಗಿದ್ದವು ಎಂದು ಅವಳು ಅದನ್ನು ಮುಟ್ಟಿರಲಿಲ್ಲ. ಒಡೆದ ಬಿಲ್ಲೆಯನ್ನು ಎಸೆಯಬೇಕಾಗಿಲ್ಲ. ಪುಡಿಗೆ ಕೆಲವು ತೊಟ್ಟು ಸ್ಪಿರಿಟ್ ಹಾಕಿ ಕಲಸಿ, ತೆಳು ಬಟ್ಟೆ ಇಟ್ಟು ನಾಣ್ಯದಿಂದ ಒತ್ತಿ, ರಾತ್ರಿಯಿಡೀ ಆರಲು ಬಿಟ್ಟರೆ ಅದು ಮತ್ತೆ ಗಟ್ಟಿಯಾಗುತ್ತದೆ. ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಕಣ್ಣಿನ ಹತ್ತಿರ ತರಬೇಕು.

ಆ ಪ್ಯಾಲೆಟ್‌ನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದೆ. ಪ್ರತಿ ಬಣ್ಣಕ್ಕೂ ಒಂದು ಮನೆ. ಹಚ್ಚಿದ ದಿನ ಆ ಮನೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಗೀಟು. ಆಫೀಸಿಗೆ, ದೇವಸ್ಥಾನಕ್ಕೆ, ಸ್ನೇಹಿತೆಯ ಮನೆಯ ನಾಮಕರಣಕ್ಕೆ ಹೀಗೆ ಹಚ್ಚುತ್ತಾ ಹೋದೆ. ಕೆಲವು ತಿಂಗಳು ಕಳೆದ ಮೇಲೆ ಚೀಟಿ ನೋಡಿದರೆ ಗೀಟುಗಳೆಲ್ಲ ನಾಲ್ಕು ಮನೆಗಳಲ್ಲಿ ಗುಂಪುಗೂಡಿದ್ದವು. ನನ್ನ ಚರ್ಮಕ್ಕಿಂತ ಒಂದು ಛಾಯೆ ಗಾಢವಾದ ಕಂದು, ಕಾಫಿ ಬೀಜದ ಬಣ್ಣದ ಗಾಢ ಕಂದು, ಸುಟ್ಟ ಇಟ್ಟಿಗೆಯ ಕೆಂಗಂದು, ಮತ್ತೆ ಹೊಳೆಯುವ ತಾಮ್ರ. ನೀಲಿ, ನೇರಳೆ, ಎಳೆಗುಲಾಬಿ, ಕೆನೆ ಬಿಳಿ ಮನೆಗಳು ಹೆಚ್ಚುಕಡಿಮೆ ಖಾಲಿ.

ಖಾಲಿ ಉಳಿದ ಮನೆಗಳಿಗೆ ಕಾರಣವಿದೆ, ಅದು ಬಣ್ಣದ ಒಳಗೇ ಇದೆ. ಐಶ್ಯಾಡೋ ಪುಡಿಯ ಬಹುಭಾಗ ಟಾಲ್ಕ್ ಮತ್ತು ಅಭ್ರಕ. ಕಂದು, ಕೆಂಪು, ಹಳದಿ ಛಾಯೆಗಳನ್ನು ಕೊಡುವುದು ಕಬ್ಬಿಣದ ಆಕ್ಸೈಡ್‌ಗಳು, ತಿಳಿಯಾಗಿಸುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಎಳೆಗುಲಾಬಿ, ಕೆನೆ, ತಿಳಿ ನೇರಳೆ ಬಣ್ಣಗಳಲ್ಲಿ ಈ ಬಿಳಿಯ ಪಾಲು ಹೆಚ್ಚು. ಗೋಧಿ ಬಣ್ಣದ, ಎಣ್ಣೆಗಪ್ಪು ಬಣ್ಣದ ರೆಪ್ಪೆಯ ಮೇಲೆ ಅವು ಸೀಮೆಸುಣ್ಣ ಸವರಿದ ಹಾಗೆ ಬೂದಿಯಾಗಿ ಕೂರುತ್ತವೆ. ಪೆಟ್ಟಿಗೆಯೊಳಗೆ ಮುದ್ದಾಗಿ ಕಾಣುವ ಬಣ್ಣ ನಮ್ಮ ಕಣ್ಣಿನ ಮೇಲೆ ಬಾಡುವುದು ಹೀಗೆ. ಇದರಲ್ಲಿ ಚರ್ಮದ ಕೊರತೆ ಏನೂ ಇಲ್ಲ. ತಿಳಿ ಚರ್ಮವನ್ನು ಮನಸ್ಸಿನಲ್ಲಿಟ್ಟು ಜೋಡಿಸಿದ ಪೆಟ್ಟಿಗೆಗೆ ನಾವು ಪೂರ್ತಿ ಬೆಲೆ ಕೊಡುತ್ತಿದ್ದೇವೆ, ಅಷ್ಟೆ. ಬರೀ ಕಂದು ಬಣ್ಣಗಳ ಪೆಟ್ಟಿಗೆ ಕೊಂಡರೂ ಲೆಕ್ಕ ಸರಿಹೋಗುವುದಿಲ್ಲ. ಅಂಥ ಪೆಟ್ಟಿಗೆಗಳ ಖಯಾಲಿ ಹಬ್ಬಿಸಿದ್ದು ಅಮೆರಿಕದ ಅರ್ಬನ್ ಡಿಕೇ ಕಂಪನಿಯ ನೇಕೆಡ್ ಪ್ಯಾಲೆಟ್. 2010ರಲ್ಲಿ ಬಂದು 2018ರಲ್ಲಿ ನಿಂತುಹೋದ ಅದರಲ್ಲಿ 12 ಬಣ್ಣಗಳಿದ್ದವು, ಬಹುಪಾಲು ಹೊಳಪಿನವು. ಅದರ ದಾರಿ ಹಿಡಿದ ಪೆಟ್ಟಿಗೆಗಳಲ್ಲಿ ಒಂದಕ್ಕೊಂದು ಕೂದಲೆಳೆಯಷ್ಟೇ ವ್ಯತ್ಯಾಸವಿರುವ ಐದಾರು ಕಂದುಗಳನ್ನು ಇವತ್ತಿಗೂ ನೋಡಬಹುದು.

ಆ ಐದಾರು ಕಂದುಗಳು ಬೇಡವೆಂದು ನನಗೆ ಧೈರ್ಯ ಬಂದದ್ದು ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಿಂದ. ನಮ್ಮ ಊರು ಕುಂದಾಪುರದ ಕಡೆ. ದೊಡ್ಡಪ್ಪ ಮೇಳದಲ್ಲಿ ವೇಷ ಮಾಡುತ್ತಿದ್ದರು. ಆಟದ ರಾತ್ರಿ ಅವರು ಬಣ್ಣಕ್ಕೆ ಕೂತರೆ ಮಕ್ಕಳಾದ ನಾವು ಸುತ್ತ ಕೂತು ನೋಡುತ್ತಿದ್ದೆವು. ಮುಂದೆ ಇರುತ್ತಿದ್ದುದು ಬಿಳಿ, ಹಳದಿ, ಕೆಂಪು, ಕಪ್ಪು, ಜೊತೆಗೆ ತೆಂಗಿನೆಣ್ಣೆ. ಬಿಳಿಗೆ ಹಳದಿ, ಕೆಂಪು ಬೆರೆಸಿ ಅಂಗೈಯಲ್ಲೇ ಮುಖದ ಮೈಬಣ್ಣ ತಯಾರಾಗುತ್ತಿತ್ತು. ಆ ನಾಲ್ಕರಲ್ಲೇ ರಾಜನೂ ಆಗುತ್ತಿದ್ದ, ರಕ್ಕಸನೂ ಆಗುತ್ತಿದ್ದ. ಪುಡಿ ಬಣ್ಣಕ್ಕೂ ಇದೇ ನಡೆಯುತ್ತದೆ. ತಿಳಿ ಕಂದಿನ ಮೇಲೆ ಗಾಢ ಕಂದನ್ನು ಬ್ರಷ್ಷಿನ ತುದಿಯಲ್ಲಿ ಸ್ವಲ್ಪವೇ ಎಳೆದರೆ ನಡುವಿನ ಎಲ್ಲ ಛಾಯೆಗಳೂ ರೆಪ್ಪೆಯ ಮೇಲೆಯೇ ಹುಟ್ಟುತ್ತವೆ. ಅವನ್ನು ಬೇರೆ ಬಿಲ್ಲೆಗಳಾಗಿ ಕೊಳ್ಳಬೇಕಿಲ್ಲ. ಕಲಿಯುವವರಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ಬಣ್ಣ ಕಡಿಮೆ ಇದ್ದಷ್ಟೂ ಕೈ ಬೇಗ ಪಳಗುತ್ತದೆ, ಯಾಕೆಂದರೆ ಪ್ರತಿದಿನವೂ ಅದೇ ಬಣ್ಣದ ಗುಣ ಎದುರಾಗುತ್ತದೆ.

ಚೌಕಿಯ ಹಳೆಯ ಬಣ್ಣಗಳ ಬಗ್ಗೆ ದೊಡ್ಡಪ್ಪ ಹೇಳುತ್ತಿದ್ದ ಇನ್ನೊಂದು ಮಾತೂ ಇಲ್ಲಿ ಬೇಕು. ಹಿಂದಿನವರು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಅರದಾಳ ಆರ್ಸೆನಿಕ್‌ನ ಖನಿಜ, ಇಂಗಳೀಕ ಪಾದರಸದ್ದು. ಅವು ಮೈಗೆ ಒಳ್ಳೆಯವಲ್ಲ ಎಂದು ಬಹಳ ತಡವಾಗಿ ತಿಳಿಯಿತು. ನಮ್ಮ ಕಾಲಕ್ಕೆ ಕಾನೂನಿನ ಕಾವಲಿದೆ. ಸೌಂದರ್ಯವರ್ಧಕಗಳಿಗೆ ಬಳಸುವ ಬಣ್ಣದಲ್ಲಿ ಆರ್ಸೆನಿಕ್ 2 ಪಿಪಿಎಂ, ಸೀಸ 20 ಪಿಪಿಎಂ ದಾಟಬಾರದು ಎಂದು ನಮ್ಮ ದೇಶದ ನಿಯಮ ಹೇಳುತ್ತದೆ. 2020ರ ಸೌಂದರ್ಯವರ್ಧಕಗಳ ನಿಯಮಾವಳಿಯ ಪ್ರಕಾರ ಇಲ್ಲಿ ತಯಾರಾದದ್ದಕ್ಕೆ ತಯಾರಿಕಾ ಪರವಾನಗಿ ಸಂಖ್ಯೆ, ಹೊರಗಿನಿಂದ ಬಂದದ್ದಕ್ಕೆ ನೋಂದಣಿ ಸಂಖ್ಯೆ ಮತ್ತು ಆಮದುದಾರರ ಹೆಸರು ವಿಳಾಸ ಪೊಟ್ಟಣದ ಮೇಲೆ ಇರಬೇಕು. ಪಾದಚಾರಿ ಮಾರ್ಗದಲ್ಲಿ 200 ರೂಪಾಯಿಗೆ ಸಿಗುವ, ದೊಡ್ಡ ವಿದೇಶಿ ಬ್ರ್ಯಾಂಡ್‌ನ ಹೆಸರು ಹೊತ್ತ 40 ಬಣ್ಣದ ಪೆಟ್ಟಿಗೆಯ ಹಿಂಬದಿಯನ್ನು ತಿರುಗಿಸಿ ನೋಡಿ. ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಕೆಳಗಿಟ್ಟು ಬನ್ನಿ. ಕಡಿಮೆ ಬೆಲೆಯ ಮಾಲೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲೇ ತಯಾರಾಗುವ ಸಾಧಾರಣ ಬೆಲೆಯ ಬಣ್ಣಗಳಲ್ಲಿ ಬಹಳ ಚೆನ್ನಾಗಿ ಕೂರುವವು ಇವೆ, ನನ್ನ ಗಾಢ ಕಂದು ಅಂಥದ್ದೇ. ಕಣ್ಣಿನ ಅಂಚಿಗೆ ಹಚ್ಚುವ ಪದಾರ್ಥಕ್ಕೆ ಊರು, ವಿಳಾಸ ಇರಲೇಬೇಕು.

ಹೊಳಪಿನ ಬಣ್ಣದ ಬಗ್ಗೆ ಒಂದು ಮಾತು. ಶಿಮ್ಮರ್‌ನಲ್ಲಿ ಮಿನುಗುವುದು ಬಹುಮಟ್ಟಿಗೆ ಅಭ್ರಕದ ಚಕ್ಕೆಗಳು. ಜಾರ್ಖಂಡಿನ ಕೋಡರ್ಮಾ, ಗಿರಿಡಿ ಜಿಲ್ಲೆಗಳ ಗುಡ್ಡಗಳಲ್ಲಿ ಕೈಬಿಟ್ಟ ಗಣಿಗಳ ಸುತ್ತ ಮಕ್ಕಳೂ ಕೂತು ಅಭ್ರಕದ ಚೂರು ಆಯುವ ಸಂಗತಿ ಮತ್ತೆ ಮತ್ತೆ ವರದಿಯಾಗಿದೆ. ಇದನ್ನು ತಡೆಯಲೆಂದು ಕಂಪನಿಗಳು ಸೇರಿ 2017ರಲ್ಲಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಒಕ್ಕೂಟ ಕಟ್ಟಿಕೊಂಡವು. ಇದು ಗೊತ್ತಾದ ಮೇಲೆ ಹಚ್ಚದೇ ಎಸೆಯುವ ಹೊಳಪಿನ ಬಿಲ್ಲೆಗಳು ನನ್ನನ್ನು ನಿಜಕ್ಕೂ ಕಾಡುತ್ತವೆ. ನನಗೆ ಒಂದು ತಾಮ್ರ ಸಾಕು.

ಇನ್ನು ತೆರಿಗೆ. ಡಬ್ಬಿಯ ಕಾಡಿಗೆ, ಕುಂಕುಮ, ಬಿಂದಿ, ಸಿಂಧೂರ, ಅಲ್ತಾ ಇವುಗಳಿಗೆ ಜಿಎಸ್‌ಟಿ ಇಲ್ಲ. ಅದೇ ಕಾಡಿಗೆ ಪೆನ್ಸಿಲ್ ರೂಪದಲ್ಲಿ ಬಂದರೆ ಶೇ 18. ಐಶ್ಯಾಡೋಗೆ 2017ರ ಜುಲೈಯಲ್ಲಿ ಶೇ 28 ಇತ್ತು, ಅದೇ ನವೆಂಬರ್‌ನಲ್ಲಿ ಶೇ 18ಕ್ಕೆ ಇಳಿಯಿತು. ಎಂಆರ್‌ಪಿಯೊಳಗೆ ಇದೆಲ್ಲ ಸೇರಿಯೇ ಇರುತ್ತದೆ. 1,500 ರೂಪಾಯಿಯ ಪೆಟ್ಟಿಗೆಯಲ್ಲಿ ಸುಮಾರು 229 ರೂಪಾಯಿ ತೆರಿಗೆ, ಅದರಲ್ಲಿ ಮುಟ್ಟದ ಹದಿನಾಲ್ಕು ಬಣ್ಣಗಳ ಪಾಲು 178.

ಸೀರೆ ಉಡದಿದ್ದರೆ ಇನ್ನೊಬ್ಬರಿಗೆ ಕೊಡಬಹುದು, ಬಂಗಾರ ಮಾರಬಹುದು. ಬೆರಳು ತಾಗಿದ ಪ್ಯಾಲೆಟ್‌ಗೆ ಮರುಮಾರಾಟದ ಬೆಲೆ ಇಲ್ಲ, ಸೀಲ್ ಒಡೆದದ್ದನ್ನು ಆನ್‌ಲೈನ್ ಅಂಗಡಿಗಳು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಆಯುಸ್ಸೂ ಇದೆ. ಪೊಟ್ಟಣದ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿಕ್ಕ ಚಿತ್ರದೊಳಗೆ 12ಎಂ ಅಥವಾ 24ಎಂ ಎಂದಿದ್ದರೆ ತೆರೆದ ಮೇಲೆ ಅಷ್ಟು ತಿಂಗಳು ಎಂದು ತಿಳಿಯಬೇಕು. ಒಂದೂವರೆ ಗ್ರಾಂನ ಒಂದು ಬಿಲ್ಲೆಯೇ ದಿನವೂ ಹಚ್ಚಿದರೂ ತಿಂಗಳುಗಟ್ಟಲೆ ಬರುತ್ತದೆ. ಒಂದು ಜೊತೆ ಕಣ್ಣು ಎರಡು ವರ್ಷದೊಳಗೆ ಹದಿನೆಂಟು ಬಿಲ್ಲೆ ಮುಗಿಸುವುದು ಸಾಧ್ಯವೇ ಇಲ್ಲ. ಗ್ರಾಂ ಲೆಕ್ಕ ಇನ್ನೊಂದು ಕಡೆಯೂ ಕಣ್ಣು ತೆರೆಸುತ್ತದೆ. ಈಚೆಗೆ ಹಲವು ಡಬ್ಬಿಗಳ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಗ್ರಾಂ ಒಂದರ ಬೆಲೆ ಮುದ್ರಿಸಿರುತ್ತಾರೆ. ಮಿನಿ ಎಂದು ಮಾರುವ ಪುಟ್ಟ ಪೆಟ್ಟಿಗೆ ಕೈಗೆ ಅಗ್ಗ ಕಂಡರೂ ಗ್ರಾಂಗೆ ಎಷ್ಟು ಬೀಳುತ್ತದೆ ಎಂದು ಅಲ್ಲಿ ಓದಿ ನೋಡಿ. ಉಚಿತ ಡೆಲಿವರಿಗೆ 80 ರೂಪಾಯಿ ಕಡಿಮೆ ಬಿತ್ತೆಂದು 300ರ ಬಣ್ಣವೊಂದನ್ನು ಬುಟ್ಟಿಗೆ ಹಾಕುವುದಕ್ಕಿಂತ ಡೆಲಿವರಿ ಖರ್ಚು ಕೊಡುವುದೇ ಮೇಲು.

ಕೊನೆಗೆ ನಾನು ಕೊಂಡದ್ದು ನಾಲ್ಕು ಬಿಡಿ ಬಿಲ್ಲೆ, 1,000 ರೂಪಾಯಿ. ಅವನ್ನು ಕೂರಿಸಲು ಅಯಸ್ಕಾಂತದ ತಳವಿರುವ ಖಾಲಿ ಪೆಟ್ಟಿಗೆ, 250. ಬ್ರಷ್ ಎರಡು, 550. ಬ್ರಷ್ಷಿಗೆ ನಾನು ಮನಸಾರೆ ಖರ್ಚು ಮಾಡಿದೆ, ಯಾಕೆಂದರೆ ಬಣ್ಣವನ್ನು ಅಂಚಿಲ್ಲದೆ ಕರಗಿಸುವ ಮೆತ್ತನೆಯ ಬ್ರಷ್ ಇಲ್ಲದಿದ್ದರೆ ಎಷ್ಟು ದುಬಾರಿ ಬಣ್ಣವೂ ತೇಪೆಯಂತೆ ಕಾಣುತ್ತದೆ. ತೊಳೆದು ಇಟ್ಟುಕೊಂಡರೆ ಅದು ವರ್ಷಗಟ್ಟಲೆ ಬರುತ್ತದೆ. ಒರೆಸಲು ಬೇರೆ ದ್ರವ ಕೊಳ್ಳಲಿಲ್ಲ. ಚೌಕಿಯಲ್ಲಿ ಆಟ ಮುಗಿದ ಮೇಲೆ ದೊಡ್ಡಪ್ಪ ಬಣ್ಣ ತೆಗೆಯುತ್ತಿದ್ದ ತೆಂಗಿನೆಣ್ಣೆಯೇ ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಒರೆಸಿದರೆ ಸಾಕಾಗುತ್ತದೆ, ಕಣ್ಣೊಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಒಟ್ಟು 1,800 ರೂಪಾಯಿ. ಮದುವೆಯ ಮೂರೂ ದಿನ ನನ್ನ ಕಣ್ಣನ್ನು ನಾನೇ ತಿದ್ದಿಕೊಂಡೆ, ಅತ್ತಿಗೆಯದನ್ನೂ ತಿದ್ದಿದೆ, ಅವಳಿಗೆ ಅವಳದೇ ಬ್ರಷ್ ಇಟ್ಟುಕೊಂಡು.

ಪ್ಯಾಲೆಟ್ ಯಾರಿಗೂ ಬೇಡ ಎಂದಲ್ಲ. ಬ್ಯೂಟಿಷಿಯನ್ ಕೋರ್ಸ್ ಸೇರಿದವರಿಗೆ, ವಾರ್ಷಿಕೋತ್ಸವಕ್ಕೆ ಸಾಲು ಸಾಲು ಮಕ್ಕಳ ಕಣ್ಣು ಬರೆಯುವ ಭರತನಾಟ್ಯದ ಟೀಚರಿಗೆ, ಹವ್ಯಾಸಿ ನಾಟಕ ತಂಡಕ್ಕೆ ಹದಿನೆಂಟೂ ಬಣ್ಣ ಕೆಲಸಕ್ಕೆ ಬರುತ್ತವೆ. ಅಲ್ಲಿ 83 ರೂಪಾಯಿಯ ಲೆಕ್ಕವೇ ಸರಿಯಾದ ಲೆಕ್ಕ.

ಅಣ್ಣನ ಚಿಕ್ಕ ಮಗಳು ಈ ವರ್ಷ ಪಿಯುಸಿ ಮುಗಿಸಿದಳು. "ಅತ್ತೆ, ನಂಗೊಂದು ಪ್ಯಾಲೆಟ್ ಕೊಡಿಸ್ತೀರಾ?" ಎಂದು ಕೇಳಿದಾಗ 2,000 ರೂಪಾಯಿ ತೆಗೆದಿಟ್ಟು ಹಗಲು ಹೊತ್ತಿನಲ್ಲಿ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದೆ. ಒಳಗಿನ ದೀಪಗಳಲ್ಲಿ ಎಲ್ಲ ಬಣ್ಣವೂ ಚೆಂದ ಕಾಣುತ್ತದೆ. ಟೆಸ್ಟರ್‌ನಿಂದ ಮುಂಗೈಗೆ ಗೀರಿಕೊಂಡು, ಬಾಗಿಲಾಚೆ ಬಿಸಿಲಿಗೆ ಬಂದು ನೋಡಿ, ಮತ್ತೆ ಒಳಗೆ ಹೋಗಿ ಅವಳೇ ಆರಿಸಿದಳು. ಎರಡು ಕಂದು, ಒಂದು ನವಿಲು ಹಸಿರು. ಆ ಹಸಿರನ್ನು ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ, ಅವಳ ಕಣ್ಣಿಗೆ ಅದು ಎಷ್ಟು ಒಪ್ಪಿತೆಂದರೆ ಅಂಗಡಿಯ ಹುಡುಗಿಯೂ ಒಂದು ಕ್ಷಣ ನಿಂತು ನೋಡಿದಳು. ಬಿಲ್ಲೆ 750, ಪೆಟ್ಟಿಗೆ 250, ಬ್ರಷ್ 350. ಉಳಿದ 650 ಅವಳ ಹತ್ತಿರವೇ ಇದೆ. ಕೆಂಗಂದು ಬೇಕೋ ಬೇಡವೋ ಎಂದು ದೀಪಾವಳಿಗೆ ಯಾವ ಬಣ್ಣದ ಲಂಗದಾವಣಿ ಬರುತ್ತದೆ ನೋಡಿಕೊಂಡು ತೀರ್ಮಾನಿಸುತ್ತಾಳಂತೆ.